ಹಾಲೆಂಡಿನಿಂದ ಬಂದ ಅಣ್ಣ

ಅಣ್ಣ ಬಾಗಿಲು ತಳ್ಳಿದ್ದೇ ತಡ, ಮುನಿರಾಜು ಗಾಂಜಾ ಪೊಟ್ಟಣವನ್ನು ರೇಷ್ಮೆಹುಳು ಗೂಡು ಕಟ್ಟುವ ಚಂದ್ರಿಕೆಯ ಹಿಂದೆ ತುರುಕಿ, ಏಟು ಬೀಳುತ್ತದೆಂದು ಎರಡೂ ಕೈಯಿಂದ ತಲೆ ಮುಚ್ಚಿಕೊಂಡ. ಚನ್ನರಾಯಪ್ಪ ಹೊಸ್ತಿಲಲ್ಲೇ ನಿಂತ. ಮೂರು ವರ್ಷದ ಹಿಂದೆ, ಎಂಬತ್ತೊಂದರಲ್ಲಿ, ಇದೇ ತಮ್ಮನನ್ನು ಹುತ್ತೂರಿನ ಬೀದಿಯಲ್ಲಿ ದರದರ ಎಳೆದೊಯ್ದು ಪೊಲೀಸರಿಗೆ ಒಪ್ಪಿಸಿದವನು ಅವನೇ. ಜೈಲಿನಿಂದ ಬಂದ ಮೇಲೆ ಮುನಿರಾಜು ಅವನೊಂದಿಗೆ ಮಾತು ಬಿಟ್ಟಿದ್ದ.

ಚನ್ನರಾಯಪ್ಪ ತರಕಾರಿ ಬೀಜದ ತರಬೇತಿ ಮುಗಿಸಿ ಹಾಲೆಂಡಿನಿಂದ ಬಂದು ಎರಡೇ ದಿನವಾಗಿತ್ತು. ಅಲ್ಲಿ ಒಂದು ಸಂಜೆ, ಕಾಲುವೆ ದಂಡೆಯಲ್ಲಿ ಮತ್ತಿನಲ್ಲಿ ಬಿದ್ದಿದ್ದ ಯುವಕನ ಜೇಬಿನಲ್ಲಿ ಗಾಂಜಾ ಕಂಡರೂ ಪೊಲೀಸಿನವನು ಬೇಡಿ ಹಾಕಲಿಲ್ಲ. ತನ್ನ ಕೋಟು ಹೊದಿಸಿ, ಪಕ್ಕದಲ್ಲಿ ಕೂತು, ಊಟವಾಯಿತೇ ಎಂದು ಕೇಳಿದ. ‘ಇದೆಂಥ ಸಡಿಲ ಕಾನೂನಪ್ಪಾ’ ಎಂದು ಮೊದಲು ನಕ್ಕ ಚನ್ನರಾಯಪ್ಪನಿಗೆ ಆಮೇಲೆ ಮುನಿರಾಜು ನೆನಪಾಗಿದ್ದ. ತಮ್ಮನನ್ನು ಅವನು ಒಮ್ಮೆಯೂ ಹಾಗೆ ಕೇಳಿರಲಿಲ್ಲ. ಹೆಸರೂ ತಿಳಿಯದ ಆ ಪೊಲೀಸಿನವನಿಗೆ ಅಲ್ಲೇ ಮನಸ್ಸಿನಲ್ಲಿ ಕೈ ಮುಗಿದಿದ್ದ.

ಈಗ ಅವನು ಹೋಗಿ ತಮ್ಮನ ಪಕ್ಕದಲ್ಲಿ ನೆಲದ ಮೇಲೆ ಕೂತ. “ನಿನ್ನ ಹಿಡ್ಕೊಟ್ಟಿದ್ದು ನಂದೇ ತಪ್ಪು ಕಣೋ ಮುನಿರಾಜು. ಕೋಲಾರದಲ್ಲಿ ಈ ಚಟ ಬಿಡಿಸೋ ಒಳ್ಳೆ ಡಾಕ್ಟ್ರಿದಾರೆ. ಹೋಗೋಣ, ನಾನೂ ಜೊತೇಲಿರ್ತೀನಿ.”

ಮುನಿರಾಜು ನಿಧಾನವಾಗಿ ತಲೆಯ ಮೇಲಿನ ಕೈ ಇಳಿಸಿದ. ಅವನ ಕಣ್ಣುಗಳು ತುಂಬಿದ್ದವು. “ನಾಳೆ ಹುಳ ಗೂಡಿಗೆ ಬರ್ತವೆ, ಚಂದ್ರಿಕೆಗೆ ಬಿಡ್ಬೇಕು. ನಾಡಿದ್ದು ಹೋಗೋಣ ಅಣ್ಣ,” ಎಂದ.

ಮೂರು ವರ್ಷದಲ್ಲಿ ಮೊದಲ ಸಲ ಅವನು ಅಣ್ಣ ಎಂದಿದ್ದ. ಚನ್ನರಾಯಪ್ಪನಿಗೆ ಅಷ್ಟೇ ಸಾಕಾಗಿತ್ತು.