ಮನೆಬಾಗಿಲಿಗೆ ಬಂದ ಕಾರು

ಲಾರಿಯಿಂದ ಹೊಸ ಕಾರು ಇಳಿಸಿದ ಡ್ರೈವರು ಕೀಲಿಯನ್ನು ಅಪ್ಪನ ಪಕ್ಕ ನಿಂತಿದ್ದ ಮಗಳ ಕೈಗಿಟ್ಟು ಹೊರಟೇಬಿಟ್ಟ. "ಇಷ್ಟೇನಾ?" ಎಂದರು ಅಪ್ಪ.

ಹೋದ ತಿಂಗಳು ಮುಚ್ಚಿದ ಶೋರೂಮಿನಲ್ಲಿ ಜೀವಮಾನವಿಡೀ ಕಾರು ಮಾರಿದವರು ಅವರು. ಮಗಳು ಫೋನಿನಲ್ಲೇ ಕಾರು ಬುಕ್ ಮಾಡಿದ ದಿನ, "ಒಳಗೆ ಕೂತು ನೋಡ್ದೆ ಯಾರಾದ್ರೂ ಕಾರು ತಗೋತಾರಾ?" ಎಂದು ಮುಖ ಊದಿಸಿಕೊಂಡಿದ್ದರು. "ಎಲ್ಲಾ ಇದರಲ್ಲೇ ಇದೆ ಅಪ್ಪ, ಅರೆದು ಕುಡಿದಿದ್ದೀನಿ" ಎಂದಿದ್ದಳು ಅವಳು.

ಈಗ ಅಪ್ಪ ಅಂಗಿಯ ಮಡಚಿದ ತೋಳು ಇಳಿಸಿ ಗುಂಡಿ ಹಾಕಿಕೊಂಡರು. ಕಾರಿನ ಬಾಗಿಲು ತೆರೆದು, ಅವಳ ತಲೆಗೆ ತಾಗದಂತೆ ಮೇಲಂಚಿಗೆ ಅಂಗೈ ಅಡ್ಡ ಹಿಡಿದು, "ಬನ್ನಿ ಮೇಡಂ" ಎಂದರು. ಅಂದಮೇಲೆ ನಾಲಿಗೆ ಕಚ್ಚಿಕೊಂಡರು.

ಮಗಳು ನಗಲಿಲ್ಲ. ಒಳಗೆ ಕೂತು, ಸೀಟು ಸರಿಮಾಡಿಕೊಂಡು, ಹಾರ್ನಿನ ಮೇಲೆ ಬೆರಳಿಟ್ಟು ಕೇಳಿದಳು: "ಸಾರ್, ಇದನ್ನ ಒತ್ತಿದ್ರೆ ಏನಾಗುತ್ತೆ?"