ವಿಶ್ರಾಂತಿ ದಿನದ ಅಂಕಿ

“ಇಳಿ. ಸಾಕು, ಇಳಿ ಕೆಳಗೆ!”

ತರಬೇತುಗಾರ್ತಿ ರೊಸಾಲ್ಬಾ ಫೊನ್ಸೆಕಾ ಸೈಕಲ್ಲಿನ ಹ್ಯಾಂಡಲ್ ಮೇಲಿದ್ದ ಪುಟ್ಟ ಪರದೆಯನ್ನು ಕಿತ್ತುಕೊಂಡು ನೋಡಿದಳು. ಇಪ್ಪತ್ತು ನಿಮಿಷದ ಏರು, ಸರಾಸರಿ ನೂರಾ ತೊಂಬತ್ತೆಂಟು ವಾಟ್. ಈ ತಿಂಗಳಲ್ಲಿ ಇದು ಮೂರನೇ ಪರೀಕ್ಷೆ. ಮೂರರಲ್ಲೂ ಇನ್ನೂರು ದಾಟಿರಲಿಲ್ಲ.

ಯೊಲಿಮಾ ರಸ್ತೆ ಬದಿಯ ಹುಲ್ಲಿನ ಮೇಲೆ ಕುಸಿದು ಕೂತಳು. ಹತ್ತೊಂಬತ್ತರ ಹುಡುಗಿ. ಬೇಸರವಾದಂತೆ ಕಾಣಲಿಲ್ಲ. ಉಸಿರು ಹಿಡಿತಕ್ಕೆ ಬಂದದ್ದೇ ತಡ, ಎಂದಿನ ಪ್ರಶ್ನೆಯನ್ನೇ ಕೇಳಿದಳು.

“ಪ್ರೊಫೆ, ಸೋಮವಾರದ್ದು ನೋಡಿದ್ರಾ?”

ಅದೇ ರೊಸಾಲ್ಬಾಳ ನಿದ್ದೆ ಕೆಡಿಸಿದ್ದು. ಬೊಯಾಕಾ ಪ್ರಾಂತ್ಯದ ಮಹಿಳಾ ಸೈಕಲ್ ತಂಡದಲ್ಲಿ ಉಳಿದಿದ್ದುದು ಒಂದೇ ಜಾಗ. ಹೆಸರು ಕಳಿಸಲು ಬುಧವಾರ ಕೊನೆಯ ದಿನ. ಹೋದ ವರ್ಷ ಮನಸ್ಸಿಗೆ ಹಿಡಿಸಿದಳೆಂದು ಒಬ್ಬಳನ್ನು ಆರಿಸಿದ್ದಳು; ಆಕೆ ಮೊದಲ ಘಟ್ಟದಲ್ಲೇ ಇಳಿದು ಸೈಕಲ್ ತಳ್ಳಿದಾಗ ಊರೆಲ್ಲ ನಕ್ಕಿತ್ತು. ಈ ಸಲ ಕಣ್ಣನ್ನು ನಂಬುವುದಿಲ್ಲ, ಅಂಕಿಯನ್ನಷ್ಟೇ ನಂಬುತ್ತೇನೆ ಎಂದು ರೊಸಾಲ್ಬಾ ಎಲ್ಲರೆದುರು ಹೇಳಿದ್ದಳು. ಕಾಲಿನ ಬಲವನ್ನು ಅಳೆಯುವ ಪೆಡಲುಗಳನ್ನು ತರಿಸಿ, ಆರು ಹುಡುಗಿಯರಿಗೆ ಎಂಟು ವಾರಕ್ಕೆ ಕೊಟ್ಟಿದ್ದಳು. ಯಾರು ಎಲ್ಲಿ ತುಳಿದರೂ ಅಂಕಿ ಬಂದು ಇವಳ ಕಂಪ್ಯೂಟರಿಗೆ ಬೀಳುತ್ತಿತ್ತು.

ಯೊಲಿಮಾಳ ಅಂಕಿಗೆ ಮಾತ್ರ ತಲೆಬುಡವಿರಲಿಲ್ಲ. ಅಭ್ಯಾಸದ ದಿನಗಳಲ್ಲಿ ಸಪ್ಪೆ. ಪೂರ್ತಿ ವಿಶ್ರಾಂತಿ ಎಂದು ಬರೆದುಕೊಟ್ಟ ಸೋಮವಾರ ಮತ್ತು ಗುರುವಾರ ಬೆಳಗಿನ ಜಾವ ಮಾತ್ರ ಇನ್ನೂರ ನಲವತ್ತು. ತಂಡಕ್ಕೆ ಬೇಕಿದ್ದುದು ಇನ್ನೂರ ಮೂವತ್ತು.

ಪೆಡಲೇ ಕೆಟ್ಟಿರಬೇಕೆಂದು ಮೆಕ್ಯಾನಿಕ್ ಎಲಿಯೆಸೆರ್ ಬಳಿಗೆ ಒಯ್ದಳು. ಆತ ಹತ್ತು ಕಿಲೋ ತೂಕದ ಕಬ್ಬಿಣ ತೂಗುಹಾಕಿ ನೋಡಿದ. ಹತ್ತೇ ತೋರಿಸಿತು.

“ಪೆಡಲು ಸುಳ್ಳು ಹೇಳ್ತಿಲ್ಲ, ದೊನ್ಯಾ ರೊಸಾಲ್ಬಾ,” ಎಂದು ಕೈ ಒರೆಸಿಕೊಂಡ. “ಸುಳ್ಳು ಹೇಳ್ತಿರೋದು ಹುಡುಗಿ. ಯಾವನೋ ಗೆಳೆಯ ಇರ್ತಾನೆ. ಸೋಮವಾರ, ಗುರುವಾರ ಅವನೇ ತುಳಿದುಕೊಡ್ತಾನೆ. ಪಾಪ, ಪ್ರೀತಿ!”

“ಪ್ರೀತಿಯಂತೆ! ನನ್ನ ಮರ್ಯಾದೆ ಮೂರು ಕಾಸಿಗೆ ಹೋಗ್ತಿದೆ.”

ಹಿಂದಿನ ಸೋಮವಾರ ಬೆಳಿಗ್ಗೆ ಎಂಟಕ್ಕೆ ಫೋನ್ ಮಾಡಿ ನೋಡಿದ್ದಳು. ಎತ್ತಿದ್ದು ತಾಯಿ ಓತಿಲಿಯಾ.

“ಇನ್ನೂ ಎದ್ದಿಲ್ಲ, ಪ್ರೊಫೆ. ಇವತ್ತು ವಿಶ್ರಾಂತಿ ಅಂತ ನೀವೇ ಬರೆದುಕೊಟ್ಟಿದ್ದೀರಂತಲ್ಲ? ಎಬ್ಬಿಸ್ಲಾ?”

ಬೇಡವೆಂದು ಫೋನಿಟ್ಟಿದ್ದಳು. ಆ ಹೊತ್ತಿಗೆ ಆ ಬೆಳಗಿನ ಇನ್ನೂರ ನಲವತ್ತೊಂದು ಅವಳ ಪರದೆಯ ಮೇಲೆ ಕೂತಿತ್ತು. ತಾಯಿಯೂ ಮಗಳ ಜೊತೆ ಸೇರಿಕೊಂಡಿದ್ದಾಳೆ ಎಂದು ಹಲ್ಲು ಕಚ್ಚಿದ್ದಳು.

ಈ ಸೋಮವಾರ ರೊಸಾಲ್ಬಾ ಫೋನ್ ಮಾಡಲಿಲ್ಲ. ಮೊದಲ ಬಸ್ಸು ಹಿಡಿದು, ಡಾಂಬರು ಮುಗಿದಲ್ಲಿ ಇಳಿದು, ಆಲೂಗಡ್ಡೆ ಹೊಲಗಳ ನಡುವಿನ ಮಣ್ಣು ದಾರಿಯಲ್ಲಿ ನಡೆದಳು. ಮೊಣಕಾಲು ನೋಯುತ್ತಿತ್ತು. ಬೂಟಿನೊಳಗೆ ಕೆಸರು ನುಗ್ಗಿತ್ತು. ಹೆಜ್ಜೆಗೊಂದು ಶಾಪ ಹಾಕುತ್ತ ಗುಡ್ಡದ ತುದಿಯ ಮನೆ ಮುಟ್ಟುವಾಗ ಆಗತಾನೆ ಬೆಳಕಾಗಿತ್ತು.

ಕ್ಲಬ್ಬಿನ ಸೈಕಲ್ಲು ಗೋಡೆಗೆ ಒರಗಿತ್ತು. ಅದಕ್ಕೆ ಪೆಡಲುಗಳೇ ಇರಲಿಲ್ಲ.

ಬಿಚ್ಚಿ ಗೆಳೆಯನಿಗೆ ಕೊಟ್ಟಿದ್ದಾಳೆ! ರೊಸಾಲ್ಬಾ ಬಾಗಿಲು ತಳ್ಳಿ ಒಳನುಗ್ಗಿದಳು. ಯೊಲಿಮಾ ಒಲೆಯ ಮುಂದೆ ಬೆಲ್ಲದ ನೀರು ಕಾಯಿಸುತ್ತಿದ್ದಳು.

“ಎಲ್ಲಿ ನನ್ನ ಪೆಡಲು? ಯಾರಿಗೆ ಕೊಟ್ಟಿದ್ದೀಯ? ಕಳ್ಳಿ!”

ಹುಡುಗಿಯ ಮುಖ ಕೆಂಪಾಯಿತು. ಆದರೆ ತಲೆ ತಗ್ಗಿಸಲಿಲ್ಲ.

“ಈಗ ಬರುತ್ತೆ. ಕೂತ್ಕೊಳ್ಳಿ, ಪ್ರೊಫೆ.”

“ಕೂತ್ಕೊಳ್ಳೋಕೆ ಬಂದಿಲ್ಲ. ಅವನ ಹೆಸರು ಹೇಳು. ನಾಳೇನೇ ನಿನ್ನ ಹೆಸರು ಹೊಡೆದು ಹಾಕ್ತೀನಿ.”

“ಹೊಡೆದು ಹಾಕಿ. ನಂಗೂ ಸೈಕಲ್ಲಿಗೂ ಅಷ್ಟಕ್ಕಷ್ಟೆ.”

ರೊಸಾಲ್ಬಾ ಹಣೆ ಚಚ್ಚಿಕೊಂಡಳು. ಎಂಟು ವಾರ! ಆಗ ಹೊರಗೆ ಚೈನು ಕಿರ್ರೆಂದಿತು. ಬಾಗಿಲಿಗೆ ಓಡಿದಳು.

ಅವಳು ಒದ್ದಾಡುತ್ತ ಹತ್ತಿದ್ದ ಅದೇ ದಾರಿಯಲ್ಲಿ ತುಕ್ಕು ಹಿಡಿದ ಕಬ್ಬಿಣದ ಸೈಕಲ್ಲೊಂದು ಏರಿ ಬರುತ್ತಿತ್ತು. ಹಿಂದೆ ಎರಡು ತುಂಬಿದ ಹಾಲಿನ ಕ್ಯಾನು. ತುಳಿಯುತ್ತಿದ್ದವನು ಗೆಳೆಯನಲ್ಲ. ಉಣ್ಣೆಯ ಕಂಬಳಿ ಹೊದ್ದು, ಲಂಗ ಎತ್ತಿ ಕಟ್ಟಿ, ರಬ್ಬರ್ ಬೂಟು ತೊಟ್ಟು, ಸೀಟಿನಿಂದ ಒಮ್ಮೆಯೂ ಏಳದೆ ಬರುತ್ತಿದ್ದವಳು ಓತಿಲಿಯಾ.

ಇಳಿದವಳು ಏದುಸಿರೂ ಬಿಡಲಿಲ್ಲ.

“ಅಯ್ಯೋ ಪ್ರೊಫೆ, ನೀವಾ! ಮೊದಲೇ ಹೇಳಿದ್ರೆ ಕೋಳಿ ಕುಯ್ಯಿಸ್ತಿದ್ದೆನಲ್ಲ! ನೋಡಿ ನಿಮ್ಮ ಶಿಷ್ಯೆ ಮಾಡಿರೋ ಕೆಲಸ. ವಾರಕ್ಕೆರಡು ದಿನ ನನ್ನ ಸೈಕಲ್ಲಿನ ಪೆಡಲು ಬಿಚ್ಚಿ, ಈ ದರಿದ್ರದ್ದನ್ನ ಹಾಕ್ತಾಳೆ. ಬೂಟು ಜಾರುತ್ತೆ. ಇವತ್ತಂತೂ ಕಾಲೇ ಓಡ್ಲಿಲ್ಲ.”

ಆಕೆ ಎರಡು ಕ್ಯಾನುಗಳನ್ನೂ ಎತ್ತಿಕೊಂಡು ಮನೆಯ ಹಿಂಬದಿಗೆ ನಡೆದಳು. ರೊಸಾಲ್ಬಾ ಹ್ಯಾಂಡಲ್ಲಿಗೆ ದಾರದಿಂದ ಕಟ್ಟಿದ್ದ ಪರದೆಯತ್ತ ಬಗ್ಗಿದಳು. ಇನ್ನೂರ ನಲವತ್ತಮೂರು.

“ಇದನ್ನ ಮೊದಲ ದಿನವೇ ನಂಗೆ ಹೇಳೋಕೇನಾಗಿತ್ತು ನಿಂಗೆ?” ಅವಳು ಯೊಲಿಮಾಳತ್ತ ತಿರುಗಿದಳು. “ಪೆಡಲು ಕೇಳೋಕೆ ಬಂದವಳು ನೀನು. ನಿನಗೋಸ್ಕರ ಎಂಟು ವಾರ ತಲೆ ಕೆಡಿಸ್ಕೊಂಡೆ!”

ಯೊಲಿಮಾ ಬಿಸಿ ಲೋಟವನ್ನು ಅವಳ ಕೈಗಿಟ್ಟಳು.

“ನಂಗೋಸ್ಕರ ನಾನು ಯಾವತ್ತು ಕೇಳಿದ್ದೆ, ಪ್ರೊಫೆ? ಹಾಲು ಹೊರೋ ನಲವತ್ತೊಂದು ವರ್ಷದ ನಮ್ಮಮ್ಮನ್ನ ತಂಡಕ್ಕೆ ಸೇರಿಸ್ಕೊಳ್ಳಿ, ಬಂದು ನೋಡಿ ಅಂತ ಕರೆದಿದ್ರೆ, ನೀವು ಈ ಗುಡ್ಡ ಹತ್ತುತ್ತಿದ್ರಾ?”