ಒಡೆಯಲೊಂದು ಮಡಕೆ

“ಒಡೆದು ಹಾಕೋಕೆ ಒಂದು ಮಡಕೆ ಬೇಕಿತ್ತಮ್ಮ,” ಎಂದರು ಪಾದ್ರಿ.

ಕುಂಬಾರಗಿತ್ತಿಯ ಕೈ ತಟ್ಟನೆ ನಿಂತಿತು. ತಿಗರಿ ಮಾತ್ರ ತನ್ನ ಪಾಡಿಗೆ ತಾನು ತಿರುಗುತ್ತಲೇ ಇತ್ತು. “ಏನಂದ್ರಿ ಅಯ್ಯನವ್ರೇ?”

ಪಾದ್ರಿ ಗಂಟಲು ಸರಿಮಾಡಿಕೊಂಡರು. ಭಾನುವಾರ ಚರ್ಚಿನಲ್ಲಿ ಮಾಡಬೇಕಾದ ಪ್ರಸಂಗಕ್ಕಾಗಿ ಅವರು ಹದಿನೈದು ದಿನದಿಂದ ತಲೆ ಕೆಡಿಸಿಕೊಂಡಿದ್ದರು. ಯಾರು ಉಳಿಯಬೇಕು, ಯಾರು ಅಳಿಯಬೇಕು ಎಂಬುದನ್ನು ದೇವರು ಲೋಕ ಹುಟ್ಟುವ ಮೊದಲೇ ನಿಶ್ಚಯಿಸಿಬಿಟ್ಟಿದ್ದಾನೆ, ಕೇಳುವುದಕ್ಕೆ ನಾವ್ಯಾರು? ಇದನ್ನು ಬರೀ ಬಾಯಲ್ಲಿ ಹೇಳಿದರೆ ಹಿಂದಿನ ಬೆಂಚಿನವರು ಗೊರಕೆ ಹೊಡೆಯುತ್ತಾರೆ. ಅದೇ, ಪೀಠದ ಮೇಲಿಂದ ಒಂದು ಮಡಕೆಯನ್ನು ಫಳಾರನೆ ಒಡೆದರೆ? ಆಹಾ, ಸತ್ತವರೂ ಎದ್ದು ಕೂರಬೇಕು!

“ಬೈಬಲಲ್ಲೇ ಇದೆ ಕಣಮ್ಮ. ಕುಂಬಾರ ಒಂದೇ ಮುದ್ದೆ ಮಣ್ಣಿಂದ ಒಂದನ್ನ ಮರ್ಯಾದೆಗೆ ಮಾಡ್ತಾನೆ, ಇನ್ನೊಂದನ್ನ ನಾಶಕ್ಕೆ. ಯಾಕೆ ಅಂತ ಮಡಕೆ ಕೇಳೋ ಹಾಗಿಲ್ಲ.”

“ಅದನ್ನ ಬರೆದವ್ರು ಯಾವತ್ತಾದ್ರೂ ಮಣ್ಣು ತುಳಿದಿದ್ರಾ?”

“ಇಲ್ಲ... ಅವರದು ಗುಡಾರ ಹೊಲಿಯೋ ಕಸುಬು.”

“ಹಾಗನ್ನಿ ಮತ್ತೆ!” ಅವಳು ಕೆಸರುಗೈ ಝಾಡಿಸಿದಳು. “ಅಗೆದು, ಹೊತ್ತು ತಂದು, ಕಲ್ಲು ಆರಿಸಿ, ತುಳಿದು, ತಟ್ಟಿ, ಒಣಗಿಸಿ, ಸುಟ್ಟು... ಇಷ್ಟೆಲ್ಲ ಮೈಮುರಿದು ಒಡೆಯೋಕೆ ಅಂತ ಒಂದು ಮಾಡ್ತೀನಾ? ನನಗೇನು ತಲೆ ಕೆಟ್ಟಿದ್ಯಾ?”

“ಸೊಟ್ಟಗಾಗಿರೋದು ಒಂದಾದ್ರೂ ಕೊಡು.”

“ಸೊಟ್ಟಗಾದ್ರೆ ಹಸಿಯಲ್ಲೇ ಮುದ್ದೆ ಮಾಡಿ ಮತ್ತೆ ತಿಗರಿಗೆ ಹಾಕ್ತೀನಿ.”

“ಸುಟ್ಟ ಮೇಲೆ ಬಿರುಕು ಬಿಟ್ಟಿದ್ದು?”

ಅವಳು ಅಂಗಳದ ಕಡೆ ಕೈ ತೋರಿಸಿದಳು. ಬಿರುಕು ಬಿಟ್ಟ ಒಂದು ಮಡಕೆಯಲ್ಲಿ ಪುದೀನ ಬೆಳೆದಿತ್ತು. ಇನ್ನೊಂದರಲ್ಲಿ ಕೋಳಿ ಕಾವು ಕೂತಿತ್ತು. “ಎಬ್ಬಿಸ್ತೀರಾ?” ಎಂದಳು. ಕೋಳಿ ಪಾದ್ರಿಯನ್ನು ದುರುಗುಟ್ಟಿ ನೋಡಿತು. ಅವರು ಎರಡು ಹೆಜ್ಜೆ ಹಿಂದೆ ಸರಿದರು.

ಇದ್ದಕ್ಕಿದ್ದಂತೆ ಅವಳ ದನಿ ಇಳಿಯಿತು. “ನಮ್ಮೆಜಮಾನ್ರು ಮದುವೆ ದಿನ ಬಿಟ್ರೆ ಚರ್ಚಿನ ಮೆಟ್ಟಿಲು ಹತ್ತಿದವರಲ್ಲ. ತೀರಿಹೋಗಿ ಆರು ತಿಂಗಳಾಯ್ತು. ಒಂದು ದಿನ ನೆಮ್ಮದಿಯಾಗಿ ನಿದ್ದೆ ಮಾಡಿಲ್ಲ ನಾನು. ಹೇಳಿ ಅಯ್ಯನವ್ರೇ, ಅವರು ಯಾವ ಮಡಕೆ?”

ಅದಕ್ಕೆ ಉತ್ತರ ಪ್ರಸಂಗದ ಮೂರನೆಯ ಪುಟದಲ್ಲಿ ಅಚ್ಚುಕಟ್ಟಾಗಿ ಬರೆದಿತ್ತು. ಅವಳ ಮುಖ ನೋಡಿಕೊಂಡು ಹೇಳಲು ಮಾತ್ರ ಪಾದ್ರಿಯ ನಾಲಿಗೆ ಏಳಲಿಲ್ಲ. ತಮ್ಮ ಮೇಲೆ ತಮಗೇ ನಾಚಿಕೆಯಾಯಿತು. ಆದರೆ ಪ್ರಸಂಗದ ಆಸೆ ಬಿಡಬೇಕಲ್ಲ! “ಅದಿರಲಿ, ನೀರಿಡೋಕೆ ಅಂತ ಒಂದು ಕೊಡಮ್ಮ,” ಎಂದುಬಿಟ್ಟರು. ಈ ಸುಳ್ಳು ಕೂಡ ಲೋಕ ಹುಟ್ಟುವ ಮೊದಲೇ ನಿಶ್ಚಯವಾಗಿದ್ದಿರಬೇಕು ಎಂದು ಒಳಗೊಳಗೇ ಸಮಾಧಾನ ಮಾಡಿಕೊಂಡರು.

ಅವಳು ಒಂದೊಂದನ್ನೇ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಇದ್ದುದರಲ್ಲೇ ಒಳ್ಳೆಯದನ್ನು ಒರೆಸಿ ಕೊಟ್ಟಳು. “ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬರುತ್ತೆ, ತಗೊಳ್ಳಿ.”

ಭಾನುವಾರ ಚರ್ಚು ತುಂಬಿತ್ತು. ಗಂಟೆ ಬಾರಿಸುವವನಿಗೆ ಮೊದಲೇ ಹೇಳಿದ್ದರಿಂದ ಅವನು ಪೊರಕೆ ಹಿಡಿದು ಗೋಡೆಗೆ ಒರಗಿ ನಿಂತಿದ್ದ. ಪಾದ್ರಿ ಓದುತ್ತ ಓದುತ್ತ ಮೂರನೆಯ ಪುಟಕ್ಕೆ ಬಂದರು. ಪೀಠದ ಹಿಂದಿನಿಂದ ಮಡಕೆಯನ್ನು ತೆಗೆದು ತಲೆಯ ಮೇಲಕ್ಕೆ ಎತ್ತಿದರು. ಮುಂದಿನ ಬೆಂಚಿನವರು ಮುಖಕ್ಕೆ ಕೈ ಅಡ್ಡ ಹಿಡಿದರು. ಹಿಂದಿನ ಬೆಂಚಿನವರು, ದೇವರ ದಯೆ, ಎಚ್ಚರವಾಗಿದ್ದರು.

ಮೂರನೆಯ ಬೆಂಚಿನಿಂದ ಕುಂಬಾರಗಿತ್ತಿ ಎದ್ದಳು. ಕೂಗಲಿಲ್ಲ, ಬೈಯಲಿಲ್ಲ. ಸರಸರನೆ ಪೀಠದ ಬುಡಕ್ಕೆ ಬಂದು, ಉಗುರಿನ ಸಂದಿಯ ಮಣ್ಣು ಇನ್ನೂ ಹೋಗದ ಎರಡೂ ಕೈಗಳನ್ನು ಮೇಲಕ್ಕೆ ಚಾಚಿ ನಿಂತಳು, ಬಿದ್ದರೆ ಹಿಡಿಯಲು.

ಪಾದ್ರಿಯ ಕೈ ಮೇಲೆಯೇ ಉಳಿಯಿತು. ಎಷ್ಟೋ ಹೊತ್ತು. ಕೊನೆಗೆ ಗಂಟೆ ಬಾರಿಸುವವನಿಗೇ ತಡೆಯಲಾಗಲಿಲ್ಲ.

“ಅಯ್ಯನವ್ರೇ, ಪೊರಕೆ ತರ್ಲಾ?”

“ಬೇಡಪ್ಪ,” ಎಂದರು ಪಾದ್ರಿ, ಮಡಕೆಯನ್ನು ಮೆಲ್ಲಗೆ ಆ ಕೈಗಳಿಗೆ ಇಳಿಸುತ್ತ. “ಕುಂಬಾರರೇ ಬಂದಿದ್ದಾರೆ.”